ಬದುಕಿರುವ ಪ್ರೈಮಸನಿಗೊಂದು ಕಲ್ಲು

ಟಾರ್ವರ್ ಕ್ರಾಸಿಂಗ್, ಜಾರ್ಜಿಯಾ
ಜನವರಿ ೧೮, ೧೯೧೧

ಐಡೆಲಾ,

ಈ ಕಾಗದವನ್ನು ಒಲೆಗೆ ಹಾಕುವುದಾದರೆ ಪೂರ್ತಿ ಓದಿ ಹಾಕು. ನಿನ್ನ ಅಟ್ಲಾಂಟಾದ ವಿಳಾಸವನ್ನು ನಿನ್ನ ತಾತ ಪ್ರೈಮಸ್ ಮಾಮ ಕೊಡಲಿಲ್ಲ. ‘ಅವಳ ಪಾಡಿಗೆ ಅವಳು ಲಾಂಡ್ರೀಲಿ ಬಟ್ಟೆ ಒಗೀತಾವ್ಳೆ, ಬಿಟ್ಬಿಡಿ ಚಿಕ್ಕಮ್ಮಾವ್ರೆ’ ಎಂದರು. ನಿಮ್ಮ ಚರ್ಚಿನ ಪಾದ್ರಿಯನ್ನು ಕಾಡಿ ಪಡೆದೆ. ನಾವಿಬ್ಬರೂ ಮಾತು ಬಿಟ್ಟು ಆರು ವರ್ಷವಾಯಿತು. ರಾಜಿ ಮಾಡಿಕೊಳ್ಳಲು ಬರೆಯುತ್ತಿಲ್ಲ. ನನಗೆ ತಡೆಯಲಾರದ ಸಿಟ್ಟು ಬಂದಿದೆ. ಹೇಳಿಕೊಳ್ಳಲು ಈ ಊರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ನಮ್ಮ ತಾತ ನವೆಂಬರಿನಲ್ಲಿ ತೀರಿಕೊಂಡರು. ನಾನು ಮೇಕನ್ ಶಾಲೆಯಿಂದ ಮತ್ತೆ ಓಡಿ ಬಂದೆ. ಈ ಸಲ ಶಾಲೆಯವರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ‘ಓದು ಹತ್ತದಿದ್ರೂ ಅಕ್ಷರ ದುಂಡಗಿದೆ. ಅದಾದ್ರೂ ಮನೆತನಕ್ಕೆ ಉಪಯೋಗ ಆಗ್ಲಿ’ ಎಂದು ಯೂಡೋರಾ ಅತ್ತೆ, ತಾತ ದಕ್ಷಿಣದವರ ಕಾನ್ಫೆಡರೇಟ್ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದಾಗ ಬರೆದ ದಿನಚರಿಗಳನ್ನು ನನ್ನ ಮುಂದೆ ಹಾಕಿದ್ದಾಳೆ. ಊರಿನ ಮಹಿಳಾ ಸ್ಮಾರಕ ಸಂಘ ಅಚ್ಚು ಹಾಕಿಸುತ್ತದಂತೆ. ನಾನು ಶುದ್ಧಪ್ರತಿ ಬರೆಯಬೇಕು. ಬೇಡದ ಸಾಲುಗಳ ಮೇಲೆ ಅತ್ತೆ ಮೊದಲೇ ಪೆನ್ಸಿಲ್ ಎಳೆದಿಟ್ಟಿದ್ದಾಳೆ.

ಇನ್ನೊಂದು ಸಂಗತಿ. ಏಪ್ರಿಲ್ ೨೬ರಂದು, ಸೈನಿಕರ ಸ್ಮರಣೆಯ ದಿನ, ಕೋರ್ಟಿನ ಮುಂದಿನ ಚೌಕದಲ್ಲಿ ಪ್ರೈಮಸ್ ಮಾಮನ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಮನುಷ್ಯ ಬದುಕಿದ್ದಾರೆ, ಕಲ್ಲು ಆಗಲೇ ಕೆತ್ತಿಯಾಗಿದೆ. ‘ನಂಬಿಗಸ್ಥ ಸೇವಕ. ಹೆಂಡತಿ ಮಗುವಿಗಿಂತ ದಣಿಯೇ ಹೆಚ್ಚೆಂದವನು.’ ಕುರ್ಚಿ ಹಾಕಿ ಅದರ ಪಕ್ಕದಲ್ಲೇ ಅವರನ್ನು ಕೂರಿಸುತ್ತಾರಂತೆ. ಗಾಯಗೊಂಡ ಲೆಫ್ಟಿನೆಂಟನನ್ನು ವರ್ಜೀನಿಯಾದಿಂದ ಹೇಸರಗತ್ತೆ ಗಾಡಿಯಲ್ಲಿ ಮನೆಗೆ ತಂದ ಕಥೆ ನಿನಗೆ ಗೊತ್ತೇ ಇದೆ. ವರ್ಷಾವರ್ಷ ಪತ್ರಿಕೆಯಲ್ಲಿ ಬರುತ್ತದಲ್ಲ. ಪೆನ್ಸಿಲ್ ಗೀಟಿನ ಕೆಳಗೆ ತಾತ ಬರೆದಿರುವುದು ಇದು:

‘ಜೂನ್ ೨, ೧೮೬೩. ರಿಚ್ಮಂಡ್ ಆಸ್ಪತ್ರೆ. ಅಪ್ಪನ ಕಾಗದ ಬಂತು. ಪ್ರೈಮಸನ ಹೆಂಡತಿ ಸಿಲ್ವಿಯನ್ನೂ ಅವಳ ಮಗುವನ್ನೂ ಮಾರಿದರಂತೆ. ಪ್ರೈಮಸ್ ಪಕ್ಕದಲ್ಲೇ ಕೂತು ನನ್ನ ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಮನೆಯಲ್ಲೆಲ್ಲ ಕ್ಷೇಮವೇ ದಣಿ, ಎಂದ. ಕ್ಷೇಮ ಎಂದೆ. ಉತ್ತರದ ಯಾಂಕಿ ಸೈನ್ಯದ ಠಾಣೆ ದೂರವಿಲ್ಲ, ಅಲ್ಲಿ ಗುಲಾಮರಿಗೆ ಬಿಡುಗಡೆ. ಹೇಳಿದರೆ ಓಡಿಹೋಗುತ್ತಾನೆ. ಗಾಡಿ ಹೊಡೆಯುವವರು ಯಾರು?’

ಅದರ ಮುಂದಿನ ವಾರ: ‘ಮಗಳು ಮಿಂಟಿ ಈಗ ಮಾತು ಕಲಿತಿರುತ್ತಾಳೆ ಎಂದು ಪ್ರೈಮಸ್ ದಾರಿಯುದ್ದಕ್ಕೂ ಹೇಳುತ್ತಾನೆ. ನನ್ನ ಕಾಲು ಬಹಳ ನೋಯುತ್ತಿದೆ.’

ನನ್ನನ್ನು ಹೇಸರಗತ್ತೆಯ ಮೇಲೆ ಕೂರಿಸಿ ಹೊಲ ಸುತ್ತಿಸಿದ ಮನುಷ್ಯ ಇದನ್ನು ಬರೆದಿದ್ದಾನೆ, ಐಡೆಲಾ. ಅವನ ಶವದ ಮುಂದೆ ಎಲ್ಲರಿಗಿಂತ ಜೋರಾಗಿ ಅತ್ತವಳು ನಾನು. ಆ ದಿನ ಚೌಕದಲ್ಲಿ ದಿನಚರಿ ಓದುವುದಕ್ಕೆ ನನ್ನನ್ನೇ ನಿಲ್ಲಿಸುತ್ತಾರೆ. ನಾನು ಇದನ್ನೇ ಓದುತ್ತೇನೆ. ಒಂದು ಸಾಲೂ ಬಿಡುವುದಿಲ್ಲ.

ಗಸ್ಸಿ

*

ಅಟ್ಲಾಂಟಾ
ಫೆಬ್ರವರಿ ೫, ೧೯೧೧

ಗಸ್ಸಿ,

ಚಿಕ್ಕಮ್ಮಾವ್ರೇ ಎಂದು ಬರೆಯಬೇಕಿತ್ತು. ನಮಗೆ ಹನ್ನೆರಡು ತುಂಬಿದಾಗ ನಿಮ್ಮತ್ತೆ ನನ್ನನ್ನು ಜಗಲಿಯ ಕೆಳಗೆ ನಿಲ್ಲಿಸಿ, ಇವತ್ತಿನಿಂದ ನಿನ್ನನ್ನು ಹಾಗೆ ಕರೆಯಬೇಕು ಎಂದಳು. ನೀನು ಬಾಯಲ್ಲಿ ಪೀಚ್ ಹಣ್ಣು ಇಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಈಗ ಬಾಯಿ ಬಂದಿದೆ, ಸಂತೋಷ.

ಮೊದಲು ಒಂದು ಮಾತು. ನನ್ನ ತಾತ ನಿನಗೆ ಮಾಮನಲ್ಲ. ಮಾಮನಾಗಿದ್ದರೆ ಒಂದು ದಿನವಾದರೂ ನಿಮ್ಮ ಊಟದ ಮೇಜಿಗೆ ಕೂರಿಸುತ್ತಿದ್ದಿರಿ.

ಎರಡನೆಯದು. ಚೌಕದಲ್ಲಿ ಓದುತ್ತೀಯಾ? ಓದಿದರೆ ನಿನಗೆ ಏನಾಗುತ್ತದೆ? ಅತ್ತೆ ಒಂದು ವಾರ ಮಾತಾಡುವುದಿಲ್ಲ. ನನ್ನ ತಾತನ ಗುಡಿಸಲಿಗೆ ಅದೇ ದಿನ ಬೆಂಕಿ ಬೀಳುತ್ತದೆ. ಮುದುಕನೇ ಹುಡುಗಿಯ ತಲೆ ಕೆಡಿಸಿದ ಎನ್ನುತ್ತಾರೆ. ನಿನ್ನ ಸತ್ಯಕ್ಕೆ ಏಟು ತಿನ್ನುವವರು ನಾವು. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮಾತು ಕೊಡು. ಕೊಡದಿದ್ದರೆ ಇನ್ನು ಬರೆಯಬೇಡ.

ಹೆಂಡತಿ ಮಗುವನ್ನು ಮಾರಿದ್ದು ನಮಗೆ ಗೊತ್ತಿಲ್ಲದ ಸಂಗತಿಯೇ? ತಾತ ಗಾಡಿ ನಿಲ್ಲಿಸಿ ನಿಮ್ಮ ಹಿತ್ತಲಿಗೆ ಓಡಿದಾಗ ಗುಡಿಸಲು ಖಾಲಿ ಇತ್ತು. ದಾರಿಯುದ್ದಕ್ಕೂ ಗಾಡಿಯೊಳಗೆ ಮಲಗಿದ್ದವನಿಗೆ ಅದು ಗೊತ್ತಿತ್ತು ಎನ್ನುವುದು ಮಾತ್ರ ಹೊಸದು. ಆ ಮೊಳೆ ಹೊಡೆದದ್ದಕ್ಕೆ ಉಪಕಾರವಾಯಿತು.

ನಿನಗೆ ನಿಜವಾಗಿ ಏನಾದರೂ ಮಾಡಬೇಕು ಎನಿಸಿದ್ದರೆ ಯಾರಿಗೆ ಮಾರಿದರು ಎಂದು ಹುಡುಕು. ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ ತಾತ ಕೇಳಿದ್ದಕ್ಕೆ ವ್ಯಾಪಾರಿಯೊಬ್ಬ ಟೆಕ್ಸಾಸ್ ಕಡೆ ಕರೆದುಕೊಂಡು ಹೋದ ಎಂದರಂತೆ ನಿನ್ನ ತಾತ. ಇವನು ಟೆಕ್ಸಾಸಿಗೆ ನಡೆದೇ ಹೋದ. ಸಿಗದೆ ತಿರುಗಿ ಬಂದು ಎಷ್ಟೋ ವರ್ಷದ ಮೇಲೆ ನನ್ನ ಅಜ್ಜಿಯನ್ನು ಮದುವೆಯಾದ. ನನ್ನ ಅಜ್ಜಿ ಸಾಯುವವರೆಗೂ ಕೇಳುತ್ತಿದ್ದಳು, ‘ಆ ಹುಡುಗಿ ಮಿಂಟಿ ಬಂದ್ರೆ ಎಲ್ಲಿ ಮಲಗಿಸೋದು, ಮಂಚ ಒಂದೇ ಅಲ್ವಾ’ ಎಂದು. ಮಿಂಟಿ ಇದ್ದರೆ ಈಗ ಐವತ್ತರ ಆಸುಪಾಸು. ತಾತನಿಗೆ ಎಪ್ಪತ್ತೈದು. ನನಗೆ ಹೆಸರು ಬೇಕು, ಊರು ಬೇಕು. ಮತ್ತೇನೂ ಬೇಡ.

ಐಡೆಲಾ

*

ಟಾರ್ವರ್ ಕ್ರಾಸಿಂಗ್
ಮಾರ್ಚ್ ೩, ೧೯೧೧

ಐಡೆಲಾ,

ಮಾತು ಕೊಟ್ಟಿದ್ದೇನೆ. ಕೊಡುವಾಗ ಹಲ್ಲು ಕಚ್ಚಿಕೊಂಡೆ ಎಂದು ಮಾತ್ರ ತಿಳಿದಿರಲಿ.

ದಿನಚರಿಯ ಮೊದಲ ಎರಡು ಪುಸ್ತಕಗಳಲ್ಲಿ ಕೊಂಡವರ ಹೆಸರಿಲ್ಲ. ಹೇನು, ಸುಟ್ಟ ಜೋಳ, ಸತ್ತ ಗೆಳೆಯರು, ಶಾಯಿ ಮುಗಿದಾಗ ಕಾಡುಹಣ್ಣಿನ ರಸದಲ್ಲಿ ಬರೆದ ಕೆಂಪು ಪುಟಗಳು. ಮೂರನೆಯದು ಅತ್ತೆಯ ಬೀರುವಿನಲ್ಲಿತ್ತು. ಕದಿಯುವುದು ನನ್ನಿಂದ ಆಗುವುದಿಲ್ಲ. ಎದುರಿಗೆ ಹೋಗಿ ಕೇಳಿದೆ.

‘ಅದು ಯುದ್ಧ ಮುಗಿದ ಮೇಲಿನದು. ಅಚ್ಚಿಗಿಲ್ಲ’ ಎಂದಳು. ‘ಹೊಟ್ಟೆಗಿಲ್ಲದ್ದು, ಆಳು ಸಿಗದಿದ್ದದ್ದು, ಅದನ್ನೆಲ್ಲ ಯಾರು ಓದ್ತಾರೆ?’

‘ನಾನು ಓದ್ತೀನಿ.’

‘ಓದು ಅಂತ ಶಾಲೆಗೆ ಕಳಿಸಿದ್ರೆ ಓಡಿ ಬರ್ತೀಯ. ಬೇಡ ಅಂದದ್ದನ್ನ ಓದ್ತೀಯ. ಯಾವ ಘಳಿಗೇಲಿ ಹುಟ್ಟಿದ್ಯೇ ನೀನು?’

‘ಪ್ರೈಮಸ್ ಹೆಂಡತೀನ ಯಾರಿಗೆ ಮಾರಿದ್ರು ಅತ್ತೆ? ಅದರಲ್ಲಿದೆಯಾ?’

ಅವಳು ಹೆಣಿಗೆ ಕೆಳಗಿಟ್ಟಳು. ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಎಸೆದಳು. ‘ನಿನ್ನ ವಯಸ್ಸಿನಲ್ಲಿ ನಾನೂ ಓದಿದೆ. ಓದಿದ ಮೇಲೂ ದಿನಾ ಬೆಳಿಗ್ಗೆ ಅಪ್ಪನಿಗೆ ಕಾಫಿ ಕೊಟ್ಟೆ. ನೀನೇನು ಮಾಡ್ತೀಯೋ ನೋಡೋಣ.’

ಅವಳಿಗೆ ಗೊತ್ತಿತ್ತು, ಐಡೆಲಾ. ಅಷ್ಟು ವರ್ಷ ನಿನ್ನ ತಾತನಿಂದ ಸೌದೆ ಒಡೆಸಿಕೊಂಡು, ಕ್ರಿಸ್‌ಮಸ್‌ಗೆ ಅವರಿಗೊಂದು ಹಂದಿಯ ತೊಡೆ ಕಳಿಸುತ್ತಾ, ಇವಳಿಗೆ ಗೊತ್ತಿತ್ತು. ಬರೆದವನ ಮೇಲೆ ಹೆಚ್ಚು ಸಿಟ್ಟೋ, ಓದಿ ಕಾಫಿ ಕೊಟ್ಟವಳ ಮೇಲೆ ಹೆಚ್ಚೋ ನನಗೇ ತಿಳಿಯುತ್ತಿಲ್ಲ. ಇದ್ದದ್ದನ್ನು ಇದ್ದಂತೆ ಇಳಿಸಿದ್ದೇನೆ:

‘ಮಾರ್ಚ್ ೯, ೧೮೬೬. ಸಿಲ್ವಿ ಎಲ್ಲಿ ಎಂದು ಪ್ರೈಮಸ್ ಕೇಳಲು ಬಂದ. ಅವಳು ಹೊಳೆಯಾಚೆ ಕ್ಲೇಬ್ಯಾಂಕಿನಲ್ಲಿ, ಬಿಲ್ಲಪ್ಸ್ ಮನೆಯವರ ಬಳಿ ಇದ್ದಾಳೆ. ಹೇಳಿದರೆ ಹೋದವನು ಅಲ್ಲೇ ನಿಂತುಬಿಡುತ್ತಾನೆ. ಟೆಕ್ಸಾಸ್ ಎಂದೆ. ದಣಿದು ಹಿಂದಿರುಗುತ್ತಾನೆ. ಹತ್ತಿಗೆ ಆಳು ಸಿಗುತ್ತಿಲ್ಲ.’

‘ನವೆಂಬರ್, ೧೮೬೭. ಪ್ರೈಮಸ್ ಬಂದ. ಬಹಳ ಸೊರಗಿದ್ದಾನೆ. ಕೆಲಸಕ್ಕೆ ಹಚ್ಚಿದೆ.’

ಕ್ಲೇಬ್ಯಾಂಕ್ ಇಲ್ಲಿಂದ ನಲವತ್ತು ಮೈಲಿಯೂ ಇಲ್ಲ.

ಗಸ್ಸಿ

*

ಅಟ್ಲಾಂಟಾ
ಮಾರ್ಚ್ ೧೧

ಗಸ್ಸಿ,

ನಿನ್ನ ಕಾಗದ ಓದುತ್ತಾ ಒಂದು ಷರಟಿನ ಮೇಲೆ ಇಸ್ತ್ರಿಪೆಟ್ಟಿಗೆ ಮರೆತೆ. ಸುಟ್ಟ ಷರಟು ಯಾರದೋ ಜಡ್ಜಿನದಂತೆ. ಸುಡಲಿ.

ತಾತನಿಗೆ ಓದಲು ಬರುವುದಿಲ್ಲ. ನಾನು ಬರೆದರೆ ಪಾದ್ರಿ ಓದಬೇಕು, ಪಾದ್ರಿಯ ಹೆಂಡತಿ ಕೇಳಬೇಕು, ಸಂಜೆಯೊಳಗೆ ನಿಮ್ಮತ್ತೆಯ ಅಡುಗೆಮನೆಗೆ ಬರಬೇಕು. ಆದ್ದರಿಂದ ನೀನೇ ಹೋಗಿ ಬಾಯಲ್ಲಿ ಹೇಳು. ನೀನು ಅಳಬೇಡ. ಅತ್ತರೆ ಅವನು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಆ ಕೆಲಸ ಅವನು ಜೀವಮಾನವಿಡೀ ಮಾಡಿದ್ದಾನೆ.

ಐಡೆಲಾ

*

ಟಾರ್ವರ್ ಕ್ರಾಸಿಂಗ್
ಮಾರ್ಚ್ ೧೯, ೧೯೧೧

ಐಡೆಲಾ,

ಹೇಳಿದೆ. ಅಳಲಿಲ್ಲ.

ನಿನ್ನ ತಾತ ಗುಡಿಸಲಿನ ಮುಂದೆ ಕೂತು ಹತ್ತಿಬುಟ್ಟಿಗೆ ಓಕ್ ಮರದ ಪಟ್ಟಿ ಸೀಳುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದರು. ಕೂತುಕೊಳ್ಳಿ ಎಂದೆ.

‘ಟೆಕ್ಸಾಸ್ ಅಲ್ಲ’ ಎಂದೆ.

ಕೈ ನಿಲ್ಲಲಿಲ್ಲ. ‘ಏನ್ ಟೆಕ್ಸಾಸ್ ಅಲ್ಲ, ಚಿಕ್ಕಮ್ಮಾವ್ರೆ?’

‘ಸಿಲ್ವಿ, ಮಿಂಟಿ ಹೋದದ್ದು. ಹೊಳೆಯಾಚೆ ಕ್ಲೇಬ್ಯಾಂಕಿನ ಬಿಲ್ಲಪ್ಸ್ ಅನ್ನೋರಿಗೆ ಮಾರಿದ್ರು. ತಾತನಿಗೆ ಗೊತ್ತಿತ್ತು. ಬರೆದಿಟ್ಟಿದ್ದಾರೆ.’

‘ಯಾವ ಹೊಳೆ?’

‘ಚಾಟಹೂಚಿ.’

‘ನಾನು ಮೀನು ಹಿಡಿಯೋ ಹೊಳೇನಾ?’

‘ಹೂಂ.’

ಅವರು ನಕ್ಕರು. ಅಂಥ ನಗು ನಾನು ಕೇಳಿಲ್ಲ, ಇನ್ನೊಮ್ಮೆ ಕೇಳುವ ಆಸೆಯೂ ಇಲ್ಲ. ಆಮೇಲೆ ಚಾಕುವನ್ನು ಮರದ ಕೊರಡಿಗೆ ಚುಚ್ಚಿ ನಿಲ್ಲಿಸಿದರು. ‘ನಿಮ್ಮ ತಾತ ಸಾಯೋ ದಿನ ಆ ಕುಂಟುಕಾಲು ಒತ್ತುತಾ ಕೂತಿದ್ದೋನು ನಾನೇ. ಪ್ರೈಮಸ್, ನೀನಿಲ್ದಿದ್ರೆ ನಾನು ಯಾವತ್ತೋ ಸತ್ತೋಗ್ತಿದ್ದೆ ಕಣೋ ಅಂದ್ರು. ಮಾತು ಚೆನ್ನಾಗೇ ಬರ್ತಿತ್ತು. ಬಾಯಿ ಇತ್ತು.’

ಕ್ಷಮಿಸಿ ಎಂದೆ.

‘ನೀವ್ಯಾಕೆ? ನೀವು ಹುಟ್ಟೇ ಇರ್ಲಿಲ್ಲ. ಈಗ ಮನೆಗೆ ಹೋಗಿ ತಾಯಿ. ನನ್ನ ಎದುರಿಗೆ ಈಗ ಟಾರ್ವರ್ ಮನೆಯೋರು ಯಾರೂ ಇರಬಾರ್ದು. ಒಳ್ಳೇದಲ್ಲ.’

ಬೇಲಿ ದಾಟುವವರೆಗೂ ಹಿಂದೆ ತಿರುಗಲಿಲ್ಲ. ಆಮೇಲೆ ತಿರುಗಿ ನೋಡಿದೆ. ಹೆಣೆದಿಟ್ಟಿದ್ದ ಬುಟ್ಟಿಗಳನ್ನು ಒಂದೊಂದಾಗಿ ತುಳಿದು ಮುರಿಯುತ್ತಿದ್ದರು. ನಮ್ಮ ಮನೆಗೆಂದು ಹೆಣೆದವು.

ಗಸ್ಸಿ

*

ಟಾರ್ವರ್ ಕ್ರಾಸಿಂಗ್
ಏಪ್ರಿಲ್ ೨೭, ೧೯೧೧

ಐಡೆಲಾ,

ನಿನ್ನೆ ನಡೆದದ್ದನ್ನು ಬೇರೆ ಯಾರಾದರೂ ಬಣ್ಣ ಹಚ್ಚಿ ಹೇಳುವ ಮೊದಲು ನನ್ನಿಂದ ಕೇಳು.

ಬ್ಯಾಂಡು, ಬಾವುಟ, ಬೀಸಣಿಗೆ ಹಿಡಿದ ಹೆಂಗಸರು, ಬೂದು ಕೋಟಿನ ಮುದುಕರು, ಬಿಳಿ ಬಟ್ಟೆ ಹೊದಿಸಿದ ಕಲ್ಲು, ಅದರ ಪಕ್ಕ ನಮ್ಮ ಮನೆಯ ಕೈಕುರ್ಚಿ. ಕುರ್ಚಿ ಖಾಲಿ. ‘ಎಲ್ಲಿ ನಮ್ಮ ಪ್ರೈಮಸ್?’ ಎಂದು ಮೊದಲ ಸಾಲಿನಲ್ಲಿ ಶುರುವಾಯಿತು.

‘ಹೊಟ್ಟೆನೋವೇನೋ.’

‘ಪಾಪ, ಇಷ್ಟು ಮರ್ಯಾದೆ ಆ ಜೀವಕ್ಕೆ ತಡ್ಕೊಳ್ಳೋಕಾಗಿಲ್ಲ.’

ಗುಡಿಸಲಿಗೆ ಓಡಿಸಿದ ಆಳು ಬಂದು ಅತ್ತೆಯ ಕಿವಿಯಲ್ಲಿ ಹೇಳುವುದನ್ನು ಎಲ್ಲರಿಗೂ ಕೇಳುವಂತೆ ಹೇಳಿದ. ‘ಮನೆ ಖಾಲಿ ಅಮ್ಮಾವ್ರೆ. ಕೋಳಿನೂ ಇಲ್ಲ.’ ಆಗ ನಮ್ಮ ತಾತನ ಜೊತೆ ದಂಡಿನಲ್ಲಿದ್ದ ಒಂಟಿಗೈ ಮುದುಕ, ಕಿವುಡ, ಕೂಗಿ ಕೇಳಿದ: ‘ಏನಂತೆ? ನಂಬಿಗಸ್ಥ ಸೇವಕ ಓಡೋದ್ನಂತಾ?’

ನಗು ಬಂದರೂ ಯಾರೂ ನಗಲಿಲ್ಲ. ಅತ್ತೆ ತರಾತುರಿಯಲ್ಲಿ ಬಟ್ಟೆ ಎಳೆದಳು, ನನ್ನನ್ನು ಮುಂದೆ ತಳ್ಳಿದಳು. ಅವಳು ತಿದ್ದಿಕೊಟ್ಟ ಹಾಳೆ ನನ್ನ ಕೈಯಲ್ಲಿತ್ತು. ‘ದಾರಿಯುದ್ದಕ್ಕೂ ಪ್ರೈಮಸನಿಗೆ ನನ್ನ ಗಾಯದ್ದೇ ಚಿಂತೆ’ ಎಂದು ಮೊದಲ ಸಾಲು. ಆ ಸಾಲು ತಾತ ಬರೆದದ್ದೇ ಅಲ್ಲ. ‘ಇದು ತಾತ ಬರೆದದ್ದಲ್ಲ. ಇದನ್ನು ನಾನು ಓದಲ್ಲ’ ಎಂದು ಇಳಿದು ಬಂದೆ. ಬರೆದದ್ದು ಏನು ಎಂದು ನಾಲ್ಕಾರು ಜನ ಕೇಳಿದರು. ಹೇಳಲಿಲ್ಲ. ನಿನಗೆ ಕೊಟ್ಟ ಮಾತು ಉಳಿಸಿಕೊಂಡೆ.

ಅವರು ಕ್ಲೇಬ್ಯಾಂಕಿಗೇ ಹೋದರು ತಾನೆ? ಬೇಗ ಬರೆ.

ಗಸ್ಸಿ

*

ಅಟ್ಲಾಂಟಾ
ಮೇ ೯, ೧೯೧೧

ಗಸ್ಸಿ,

ತಾತ ಕೋಳಿಗಳನ್ನು ಪಾದ್ರಿಗೆ ಕೊಟ್ಟು ರೈಲು ಹತ್ತಿದ. ನಾನು ಕೊಲಂಬಸ್ ಸ್ಟೇಷನ್ನಿನಲ್ಲಿ ಜೊತೆಗೂಡಿದೆ. ಹೊಳೆ ದಾಟುವಾಗ ಸೇತುವೆಯ ಮೇಲೆ ನಿಂತು ಕೆಳಗೆ ಉಗಿದ.

ಮಿಂಟಿ ಇದ್ದಾಳೆ. ಸಿಲ್ವಿ ಇಲ್ಲ, ಚಳಿಜ್ವರದಲ್ಲಿ ಯಾವಾಗಲೋ ಹೋದಳಂತೆ. ಮಿಂಟಿ ಹಿತ್ತಲಿನಲ್ಲಿ ಹಂಡೆಯೊಳಗೆ ಬಟ್ಟೆ ಕುದಿಸುತ್ತಾ ಕೋಲು ತಿರುವುತ್ತಿದ್ದಳು. ಅವಳ ದವಡೆ ತಾತನದೇ. ಯಾರನ್ನೂ ಕೇಳಬೇಕಾಗಿರಲಿಲ್ಲ.

‘ನಾನು ಪ್ರೈಮಸ್. ಟಾರ್ವರ್ ಕ್ರಾಸಿಂಗಿನವನು’ ಎಂದ ತಾತ.

ಅವಳು ಕೋಲು ನಿಲ್ಲಿಸಲಿಲ್ಲ. ‘ಗೊತ್ತಲ್ಲ. ಪ್ರತಿ ಏಪ್ರಿಲ್‌ನಲ್ಲಿ ಪೇಪರ್‌ನಾಗೆ ಬರ್ತೀರಲ್ಲ. ದಣೀನ ಗಾಡೀಲಿ ಮನೆಗೆ ತಂದೋರು.’

ತಾತನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

‘ನಮ್ಮವ್ವ ಸಾಯೋಗಂಟ ದಾರಿ ನೋಡಿದ್ಲು’ ಎಂದಳು. ‘ನಿಮ್ಮಪ್ಪ ಬಂದೇ ಬರ್ತಾನೆ ಅಂತಿದ್ಲು. ಬಿಲ್ಲಪ್ಸ್ ಅಮ್ಮಾವ್ರು ಪೇಪರ್ ಓದಿ ಹೇಳಿದ್ರು, ಬರಲ್ಲ ಕಣೆ, ಅವನಿಗೆ ಹೆಂಡ್ತಿ ಮಗುಗಿಂತ ದಣೀನೇ ಹೆಚ್ಚಂತೆ, ಇಲ್ನೋಡು ಅಚ್ಚಾಗಿದೆ, ಅಂತ. ನೀವೆಲ್ಲಿದ್ದೀರಿ ಅಂತ ನಂಗೆ ಯಾವತ್ತೂ ಗೊತ್ತಿತ್ತು. ನಾನ್ಯಾಕೆ ಬರ್ಲಿ?’

‘ಟೆಕ್ಸಾಸ್‌ಗೆ ಹೋಗಿದ್ದೆ ನಿಮ್ಮನ್ನ ಹುಡುಕ್ಕೊಂಡು’ ಎಂದ ತಾತ.

‘ನಾನಿಲ್ಲಿದ್ದೆ.’

ನಿನ್ನ ದುಂಡು ಅಕ್ಷರದ ನಕಲನ್ನು ಹೊರಗೆ ತೆಗೆದು ಓದಿದೆ. ಮಿಂಟಿ ಕೈಯೊರೆಸಿಕೊಂಡು ಆ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. ‘ಬಿಳಿ ಹುಡುಗಿ ಈ ವರ್ಷ ಬರೆದ ಕಾಗದ ಇದು. ಅವರು ಬರೆದದ್ದನ್ನ ನಂಬಿ ಒಂದ್ಸಲ ಕೆಟ್ಟಿದ್ದೀನಿ. ಆ ಮನುಷ್ಯ ಅವತ್ತು ತನ್ನ ಕೈಯಾರೆ ಬರೆದದ್ದು ತಂದು ತೋರ್ಸಿ. ನನ್ನ ಮೊಮ್ಮಗಳು ಓದ್ತಾಳೆ. ಅಲ್ಲೀಗಂಟ ನೀವು ಆ ಜಗಲಿ ಮೇಲೆ ಇರಿ. ಒಳಗೆ ಬರಬೇಡಿ.’

ತಾತ ಜಗಲಿಯ ಮೇಲೇ ಇದ್ದಾನೆ. ಊಟ ಅಲ್ಲಿಗೇ ಬರುತ್ತದೆ. ಅವಳು ಕೊಡುವುದಿಲ್ಲ, ಮಕ್ಕಳ ಕೈಲಿ ಕಳಿಸುತ್ತಾಳೆ. ನಾನು ಕೆಲಸಕ್ಕೆ ತಿರುಗಿ ಬರಬೇಕಾಯಿತು.

ಗಸ್ಸಿ, ನಿಮ್ಮ ಊರಿನವರು ಸುಳ್ಳು ಹೇಳಿದರು ಎಂದಷ್ಟೇ ಇದುವರೆಗೂ ನಾನು ತಿಳಿದಿದ್ದೆ. ಆ ಸುಳ್ಳು ಹೊಳೆ ದಾಟಿ ಹೋಗಿ, ಒಬ್ಬ ಹೆಂಗಸಿನ ಸಾವಿನ ಹಾಸಿಗೆಯ ಪಕ್ಕದಲ್ಲಿ ಕೂತು ಮಾತಾಡಿದೆ. ನನಗೆ ಪುಸ್ತಕ ಬೇಕು. ನಕಲು ಬೇಡ. ಆ ಪುಸ್ತಕವೇ ಬೇಕು.

ಐಡೆಲಾ

*

ಮೇಕನ್
ಮೇ ೨೦, ೧೯೧೧

ಐಡೆಲಾ,

ಪುಸ್ತಕ ಇದರ ಜೊತೆಗಿದೆ. ಕದ್ದು ತಂದದ್ದಲ್ಲ. ಅತ್ತೆಯ ಎದುರಿಗೇ ಎತ್ತಿಕೊಂಡೆ.

‘ಅದನ್ನ ತಗೊಂಡು ಹೊಸಲು ದಾಟಿದ್ರೆ ತಿರುಗಿ ಬರಬೇಡ’ ಎಂದಳು.

‘ಆಯ್ತು’ ಎಂದೆ.

‘ನಿನ್ನ ತಾತ ಅದನ್ನ ಸುಡಬಹುದಿತ್ತು ಗಸ್ಸಿ. ಸುಡಲಿಲ್ಲ. ಅದಾದ್ರೂ ನೆನಪಿರ್ಲಿ.’

ಅದನ್ನು ರೈಲಿನಲ್ಲಿ ಯೋಚಿಸುತ್ತಾ ಬಂದೆ. ಸುಡದೆ ಇಟ್ಟುಕೊಂಡವನು ಹೇಳಬಹುದಿತ್ತು. ಕಾಲು ಒತ್ತಿಸಿಕೊಳ್ಳುವಾಗಲಾದರೂ ಹೇಳಬಹುದಿತ್ತು. ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಬರುತ್ತದೆಂದು ಸುಳ್ಳು ಹೇಳಲಾರೆ.

ಇಲ್ಲಿ ನೂಲಿನ ಗಿರಣಿಯಲ್ಲಿ ಸೇರಿದ್ದೇನೆ. ಮೂಗಿನೊಳಗೆಲ್ಲ ಹತ್ತಿ.

ಗಸ್ಸಿ

*

ಕ್ಲೇಬ್ಯಾಂಕ್, ಅಲಬಾಮಾ
ಜೂನ್ ೧೮, ೧೯೧೧

ಗಸ್ಸಿ,

ಪುಸ್ತಕವನ್ನು ನಾನೇ ತೆಗೆದುಕೊಂಡು ಬಂದೆ. ಮಿಂಟಿಯ ಮೊಮ್ಮಗಳು ಜಗಲಿಯ ಮೇಲೆ ನಿಂತು ಬೆರಳಿಟ್ಟು ಓದಿದಳು. ಶಾಯಿ ಮಾಸಿದ್ದರೂ ಬರಹ ಸ್ಪಷ್ಟವಾಗಿದೆ. ‘ಟೆಕ್ಸಾಸ್ ಎಂದೆ. ದಣಿದು ಹಿಂದಿರುಗುತ್ತಾನೆ’ ಎನ್ನುವುದು ಬಂದಾಗ ಮಿಂಟಿ, ‘ಇನ್ನೊಂದ್ಸಲ’ ಎಂದಳು. ಹುಡುಗಿ ಮತ್ತೆ ಓದಿದಳು. ‘ಇನ್ನೊಂದ್ಸಲ.’

ಆಮೇಲೆ ಪುಸ್ತಕ ಕಿತ್ತುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ತಾತನ ಎದುರಿಗೆ ಹೋಗಿ ನಿಂತಳು.

‘ಬುದ್ಧಿ ಬಂದಾಗಿಂದ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ಬದುಕಿದ್ದೀನಿ’ ಎಂದಳು. ‘ಅದ್ರಿಂದ್ಲೇ ಎದ್ದೆ, ಅದ್ರಿಂದ್ಲೇ ದುಡಿದೆ. ಆ ಮನುಷ್ಯ ನೋಡಿದ್ರೆ ಮೆತ್ತನೆ ಹಾಸಿಗೆ ಮೇಲೆ ಸತ್ತ. ಇದನ್ನ ಈಗ ನಾನು ಎಲ್ಲಿ ಇಳಿಸ್ಲಿ? ಹೇಳಿ. ಎಲ್ಲಿ ಇಳಿಸ್ಲಿ?’

ಅವಳು ಒಳಗೆ ಹೋದಳು, ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ. ಬಹಳ ಹೊತ್ತು ಬಿಟ್ಟು ಒಳಗಿನಿಂದ, ‘ಜೋಳದ ರೊಟ್ಟಿ ಆರಿ ಹೋಗ್ತಾ ಐತೆ, ಅಲ್ಲೇ ಬೇರು ಬಿಟ್ರಾ?’ ಎಂದು ಕೂಗಿದಳು. ತಾತ ಎದ್ದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಳಗೆ ಹೋದ.

ಅವನು ಇನ್ನು ನಿಮ್ಮ ಊರಿಗೆ ಬರುವುದಿಲ್ಲ. ಪುಸ್ತಕವೂ ಬರುವುದಿಲ್ಲ, ನಿಮ್ಮ ಸಂಘದವರು ಕೇಳಿದರೆ ಟೆಕ್ಸಾಸಿಗೆ ಹೋಯಿತು ಎನ್ನು. ನೀನು ಮನೆ ಬಿಟ್ಟದ್ದಕ್ಕೆ ನಾನು ಉಪಕಾರ ಹೇಳುವುದಿಲ್ಲ. ಗಿರಣಿಯಲ್ಲಿ ಮೂಗಿಗೆ ಒದ್ದೆಬಟ್ಟೆ ಕಟ್ಟಿಕೋ, ಇಲ್ಲದಿದ್ದರೆ ಕೆಮ್ಮು ಹಿಡಿಯುತ್ತದೆ.

ಮಿಂಟಿಯ ಬಾಯಿ ಮಾತ್ರ ಆ ದಿನದಿಂದ ನಿಂತಿಲ್ಲ. ಸೌದೆ ಒಡೆದದ್ದು ದಪ್ಪ, ಬೂಟು ಕೆಸರು, ನಡಿಗೆ ನಿಧಾನ, ಎಲ್ಲಕ್ಕೂ ಬೈಗುಳ. ನಾನು ಇದನ್ನು ಬರೆಯುತ್ತಿರುವಾಗಲೂ ಹಿತ್ತಲಿನಿಂದ ಕೇಳಿಸುತ್ತಿದೆ: ‘ಅಷ್ಟು ದೂರ ಹೋಗೋಕೆ ಮುಂಚೆ ಈ ಹೊಳೆ ದಾಟಿ ಒಂದ್ಸಲ ನೋಡ್ಬಾರ್ದಾಗಿತ್ತಾ ಅಪ್ಪಾ? ಒಂದೇ ಒಂದ್ಸಲ?’

‘ನೋಡ್ಬೇಕಿತ್ತು ಮಗಾ’ ಎನ್ನುತ್ತಿದ್ದಾನೆ ತಾತ. ‘ಬಯ್ಯಿ. ಇನ್ನೂ ಬಯ್ಯಿ.’

ಐಡೆಲಾ